ಆರ್ದೆಯೋ

ಮುಂದಿನ ವಾರ ಗುರುದೀಕ್ಷೆ ಪಡೆದು ಪಾದ್ರಿಯಾಗಬೇಕಿದ್ದ ಬ್ರದರ್ ಪ್ರಾರ್ಥನೆಯ ನಡುವೆ ಲ್ಯಾಟಿನ್ನಿನಲ್ಲಿ "ಆರ್ದೆಯೋ" ಎಂದು ನಿಟ್ಟುಸಿರಿಟ್ಟದ್ದು ಸೆಮಿನರಿಯ ರೆಕ್ಟರರ ಕಿವಿಗೆ ಬಿತ್ತು. ಅವರು ವೃದ್ಧ ಲ್ಯಾಟಿನ್ ಅಧ್ಯಾಪಕರನ್ನು ಕರೆಸಿದರು.

"ಉರಿಯುತ್ತಿದ್ದೇನೆ ಅಂತ ಅಲ್ವಾ ಫಾದರ್ ಅದರ ಅರ್ಥ? ಹುಡುಗ ಪ್ರೀತಿಗೀತಿ ಅಂತ ಬಿದ್ದಿದ್ರೆ ದೀಕ್ಷೆ ಕೊಡ್ಲಿಕ್ಕೆ ಆಗುದಿಲ್ಲ."

ಅಧ್ಯಾಪಕರು ಮೂಗು ಮುರಿದರು.

"ಪ್ರೀತಿಯ ಉರಿ ಆ ಕ್ರಿಯಾಪದದ ಲಕ್ಷ್ಯಾರ್ಥ. ನಾನು ಇಷ್ಟು ವರ್ಷ ತಲೆ ಚಚ್ಚಿಕೊಂಡರೂ ಆ ಮಂಕ ವಾಚ್ಯಾರ್ಥ ದಾಟಿದವನಲ್ಲ. ಅವನ ಉರಿ ಹೊಟ್ಟೆಯದ್ದೇ ಮಾರಾಯ್ರೇ, ನಮ್ಮ ಕುಸಿನಿಯ ಅಡುಗೆಯ ಮೆಣಸಿಂದು! ಅವನಿಗೆ ನಾನು ಜವಾಬ್ದಾರಿ."

ಬ್ರದರನ್ನು ಅಲ್ಲಿಗೇ ಕರೆಸಿ ಗದರಿದರು. "ಏಯ್ ದಡ್ಡ, ದಿನಾ ಊಟ ಆದ ಮೇಲೆ ಕುಸಿನಿಗೆ ಹೋಗಿ ಮಜ್ಜಿಗೆ ಕುಡಿ. ನಿನ್ನ ಉರಿಗೆ ಮದ್ದು ಅಲ್ಲೇ ಉಂಟು."

"ಹೌದು ಫಾದರ್, ಅಲ್ಲೇ ಉಂಟು," ಎಂದು ಬ್ರದರ್ ವಿಧೇಯನಾಗಿ ತಲೆ ಬಾಗಿಸಿದ.

ದೀಕ್ಷೆಯ ದಿನ ಬೆಳಿಗ್ಗೆ ಅಡುಗೆಯವನು ಏದುಸಿರು ಬಿಡುತ್ತ ಅಧ್ಯಾಪಕರ ಬಾಗಿಲಿಗೆ ಬಂದ.

"ಬ್ರದರ್ ಎಲ್ಲಿಯೂ ಇಲ್ಲ ಫಾದರ್, ನನ್ನ ಮಗಳೂ ಇಲ್ಲ. ನಿನ್ನೆಯ ಮಜ್ಜಿಗೆ ಮಾತ್ರ ಮುಟ್ಟದೆ ಹಾಗೇ ಉಂಟು."