ಇನ್ನು ನಾಲ್ಕು ಬೆರಳು

ಹತ್ತು ಗಂಟೆಗೆ ಸರಿಯಾಗಿ, ಮೊದಲೇ ಮಾತಾಡಿಕೊಂಡಿದ್ದ ಹಾಗೆ, ಇನ್ನೂರು ಹೊಲಿಗೆ ಮಷೀನುಗಳು ಒಟ್ಟಿಗೆ ನಿಂತವು. ಅಕ್ಕನದು ಮಾತ್ರ ಓಡುತ್ತಲೇ ಇತ್ತು. ಅವಳೇನೂ ಹೆದರಿಕೊಂಡವಳಲ್ಲ. ಕೈಯಲ್ಲಿದ್ದ ಕಾಲರ್ ಅರ್ಧಕ್ಕೆ ಬಂದಿತ್ತು, ಹೊಲಿಗೆಯನ್ನು ನಡುವೆ ಬಿಟ್ಟು ಏಳುವುದು ಇಪ್ಪತ್ತಾರು ವರ್ಷದ ಕೆಲಸದಲ್ಲಿ ಅವಳಿಗೆ ಗೊತ್ತೇ ಇರಲಿಲ್ಲ. ಇನ್ನು ನಾಲ್ಕು ಬೆರಳಿನಷ್ಟು, ಮುಗಿಸಿ ನಿಲ್ಲಿಸಿದರಾಯಿತು ಅಂದುಕೊಂಡಳು.

ಎದುರಿನ ಸಾಲಿನಲ್ಲಿ ತಂಗಿ ಸ್ಟೂಲ್ ಹತ್ತಿ ನಿಂತಿದ್ದಳು. "ಕೂಲಿ ಹೆಚ್ಚಿಸೋವರೆಗೂ ಯಾರೂ ಮಷೀನ್ ಮುಟ್ಟೋದಿಲ್ಲ" ಎಂದು ಅವಳು ಹೇಳುತ್ತಿದ್ದರೆ, ಹಿಂದಿನ ಸಾಲಿನವರಿಗೆ ಅವಳ ಮಾತಿಗಿಂತ ಮೊದಲು ಕೇಳಿಸಿದ್ದು ಆ ಒಂದು ಮಷೀನಿನ ಸದ್ದು. "ಸ್ವಂತ ಅಕ್ಕನೇ ಹೊಲೀತಿದ್ದಾಳೆ, ನಮಗ್ಯಾಕೆ ಊರ ಉಸಾಬರಿ" ಎಂದು ಯಾರೋ ಗೊಣಗಿದರು. ಒಂದು ಮಷೀನು ಶುರುವಾಯಿತು, ಅದರ ಪಕ್ಕದ್ದು, ಆಮೇಲೆ ಸಾಲಿಗೆ ಸಾಲೇ. ಅಕ್ಕ ದಾರ ಕತ್ತರಿಸಿ ತಲೆ ಎತ್ತುವಷ್ಟರಲ್ಲಿ ನಿಂತಿದ್ದ ಮಷೀನುಗಳು ಎರಡೇ: ತಂಗಿಯದು, ತನ್ನದು.

ಅಕ್ಕ ದಡಬಡಿಸಿ ಎದ್ದು, "ನಿಲ್ಲಿಸ್ರೇ, ನಾನೂ ನಿಲ್ಲಿಸಿದೀನಿ" ಎಂದಳು. ಆ ಗದ್ದಲದಲ್ಲಿ ಅದು ಪಕ್ಕದವಳಿಗೂ ಕೇಳಲಿಲ್ಲ.

ಸೂಪರ್‌ವೈಸರ್ ತಂಗಿಯ ಕೊರಳಿನ ಐಡಿ ಕಾರ್ಡ್ ಕಿತ್ತುಕೊಂಡು ಅವಳನ್ನು ಬಾಗಿಲ ಕಡೆಗೆ ನಡೆಸಿದ. ಅಕ್ಕನ ಮೇಜಿನ ಹತ್ತಿರ ತಂಗಿ ಒಂದು ಗಳಿಗೆ ನಿಂತು, ಆ ಕಾಲರನ್ನು ಎತ್ತಿಕೊಂಡು, ಅಂಚಿನುದ್ದಕ್ಕೂ ಹೆಬ್ಬೆರಳು ಎಳೆದು ನೋಡಿದಳು. ಹಾಗೆ ನೋಡುವುದನ್ನು ಅವಳಿಗೆ ಕಲಿಸಿದ್ದು ಅಕ್ಕನೇ.

"ಚೆನ್ನಾಗಿ ಬಂದಿದೆ ಅಕ್ಕ" ಎಂದಳು.