ಮುದಕವ್ವನ ಸೊಂಟನೋವು

ಹಿಂಬಾಗಿಲ ಸಂದಿಯಿಂದ ಕಂಡದ್ದನ್ನು ಚೆನ್ನವ್ವನಿಗೆ ನಂಬಲಾಗಲಿಲ್ಲ. ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದ ಅತ್ತೆ ಮುದಕವ್ವ ಸರಸರನೆ ಎದ್ದಳು. ಚೆನ್ನವ್ವ ಒಳಗೆ ಒಯ್ಯಬೇಕಾಗಿದ್ದ ತುಂಬಿದ ಹಿತ್ತಾಳೆ ಕೊಡವನ್ನು ಒಂದೇ ಎಳೆತಕ್ಕೆ ಸೊಂಟಕ್ಕೇರಿಸಿ ಒಲೆಯ ಬಳಿ ಇಳಿಸಿದಳು. ಓಣಿಯ ತುದಿಯಲ್ಲಿ ಸೈಕಲ್ಲಿನ ಗಂಟೆ ಕೇಳಿದ್ದೇ ತಡ, ಚಾಪೆಯ ಮೇಲೆ ಉರುಳಿದಳು. "ಶಿವನ, ಸೊಂಟ ಹೋತಲ್ಲೋ!"

ಹಾಗಾದರೆ ಎಲ್ಲವೂ ನಾಟಕ!

ಚೆನ್ನವ್ವನ ಮೈ ಉರಿಯಿತು. ಸಿಟ್ಟಿನಿಂದ ಮಾತ್ರವಲ್ಲ, ಎರಡು ವರ್ಷದಿಂದ ಅವಳ ಕೀಲುಕೀಲಿಗೂ ಕೆಂಡವಿಟ್ಟಂಥ ನೋವು. ಬಾವಿಲ್ಲ, ಜ್ವರವಿಲ್ಲ. ಕೊಲ್ಹಾಪುರದ ಡಾಕ್ಟರರು ಎಲುಬಿನ ಫೋಟೋ ತೆಗೆಸಿ "ಕಾಹೀ ನಾಹೀ" ಎಂದಿದ್ದರು. ಏನೂ ಇಲ್ಲ! ಆ ಮಾತು ಇಚಲಕರಂಜಿಯ ಅವರ ಚಾಳಿನ ಮನೆಮನೆಗೂ ಹಬ್ಬಿತು. ಮಗ್ಗದಲ್ಲಿ ದುಡಿಯುವ ಗಂಡ ಹಣಮಂತನೂ ಅದನ್ನೇ ನಂಬಿದ. ಪಕ್ಕದ ಖೋಲಿಯಲ್ಲಿದ್ದ ಗಂಡನ ಅಕ್ಕ ಗಂಗುಬಾಯಿಯಂತೂ, "ಮಾರಿ ನೋಡ್ರಿ, ತೊಂಡಿಹಣ್ಣು ಆಗೇತಿ. ಮೈಗಳ್ಳಿಗೆ ಎಂಥಾ ಬ್ಯಾನಿರೀ?" ಎಂದು ಓಣಿಗೆ ಕೇಳುವಂತೆ ನಗುತ್ತಿದ್ದಳು.

ಶಿವರಾತ್ರಿಯ ಹಿಂದಿನ ಮಧ್ಯಾಹ್ನ, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಚೆನ್ನವ್ವ ರಾಟೆಯ ಪಕ್ಕದಲ್ಲೇ ಒರಗಿಬಿಟ್ಟಿದ್ದಳು. ಹಗಲು ಮಲಗಿದ ಸೊಸೆ! ಗಂಗುಬಾಯಿ ತಮ್ಮನನ್ನು ಕರೆತಂದು ತೋರಿಸಿದಳು.

"ಇನ್ನೊಮ್ಮೆ ಮಲಗಿದ್ದು ಕಂಡ್ರ ನಿನ್ನ ತವರಿಗೆ, ಸುಳಕೂಡಕ್ಕ ಬಿಟ್ಟು ಬರ್ತೇನಿ. ನಿಮ್ಮಪ್ಪನ ಇಟ್ಕೊಳ್ಳಲಿ," ಎಂದ ಹಣಮಂತ.

ಅತ್ತೆಯ ಸೊಂಟ ಹಿಡಿದದ್ದು ಮರುದಿನ.

ಅರವತ್ಮೂರನೇ ಇಸವಿಯ ಆ ಬೇಸಿಗೆಯುದ್ದಕ್ಕೂ, ಉಂಡ ಮೇಲೆ ಅದೇ ಕೂಗು. "ಚೆನ್ನೀ, ಕಾಲೊತ್ತು ಬಾ. ಬಾಗಿಲಾ ಹಾಕು, ಬೆಳಕಿಗೆ ತಲಿ ಸಿಡೀತೈತಿ." ನಾಲ್ಕು ಸಲ ಒತ್ತುವಷ್ಟರಲ್ಲಿ ಮುದುಕಿಗೆ ಗೊರಕೆ. ಸೊಸೆಯ ಸೆರಗು ಅವಳ ಬೆನ್ನಡಿಗೆ ಸಿಕ್ಕಿರುತ್ತಿತ್ತು. ಎಳೆದರೆ ಎಚ್ಚರವಾದೀತು. ಚೆನ್ನವ್ವ ಗೋಡೆಗೊರಗಿ, ಹಾಗೇ ಜಾರಿ, ಹೊತ್ತು ಇಳಿಯುವವರೆಗೆ ಅಲ್ಲೇ ಬಿದ್ದಿರುತ್ತಿದ್ದಳು. ಗೋಡೆಯಾಚೆ ಮಗ್ಗಗಳ ಖಟಖಟ. ಹೊರಗೆ ಅವಳ ಪಾಲಿನ ಕಂಡಿಕೆಗಳನ್ನು ಗಂಗುಬಾಯಿ ಗೊಣಗುತ್ತ ಸುತ್ತುತ್ತಿದ್ದಳು. ಹೆತ್ತವ್ವನ ಸೇವೆಗೆ ಅಡ್ಡ ಬರುವ ಧೈರ್ಯ ಅವಳಿಗೂ ಇರಲಿಲ್ಲ.

ಖರೆ ನೋವಿನವಳು ಸುಳ್ಳು ನೋವಿನವಳ ಕಾಲೊತ್ತಬೇಕು. ಎಂಥ ನ್ಯಾಯ! ಚೆನ್ನವ್ವ ಬಾಗಿಲು ತಳ್ಳಿ ಒಳಗೆ ಬಂದಳು.

"ಅತ್ತಿ, ಕೊಡ ಎತ್ತಿದ್ದು ನೋಡೀನಿ. ನಿಮ್ಮ ಮಗ ಊಟಕ್ಕ ಬಂದಾನ. ಈಗನ ಹೇಳತೇನಿ."

ನರಳಾಟ ನಿಂತಿತು. ಹೊಸ್ತಿಲಾಚೆ ಸೈಕಲ್ ಒರಗಿಸಿದ ಸದ್ದು. ಹಿಂದೆಯೇ ಗಂಗುಬಾಯಿಯ ದನಿ: "ತಮ್ಮಾ, ಬಾಗಿಲಾ ಮತ್ತ ಹಾಕ್ಯಾರ. ಒಳಗ ಏನ ಮಾಡಾಕತ್ತಾಳ ನಿನ್ನ ಹೇಣ್ತಿ, ಕೇಳು. ಮಲಗಿದ್ರ ಇವತ್ತ ಗಂಟು ಕಟ್ಟಸು."

ಮುದಕವ್ವ ಹೆದರಲಿಲ್ಲ. "ಚೆನ್ನಿ ಕಾಲೊತ್ತಾಕತ್ತಾಳ, ಬಾಗಿಲಾ ತೆಗೀಬ್ಯಾಡ್ರೋ!" ಎಂದು ಹೊರಗೆ ಕೇಳುವಂತೆ ನರಳಿದಳು. ಸೊಸೆಯ ಸೆರಗು ಹಿಡಿದು ಚಾಪೆಗೆ ಎಳೆದುಕೊಂಡಳು. ಅವಳ ತಲೆಯನ್ನು ತನ್ನ ತೋಳ ಮೇಲಿಟ್ಟು, ಕಿವಿಯಲ್ಲಿ ಪಿಸುಗುಟ್ಟಿದಳು:

"ಅವರಿಗೆ ನಿನ್ನ ಬ್ಯಾನಿ ಕಾಣೂದಿಲ್ಲ, ನನಗ ಕಾಣತೈತಿ, ನಿನ್ನ ಪಾಲಿಂದು ನಾ ನರಳತೇನಿ, ನೀ ಸುಮ್ಮನ ಮಲಗು, ಮಗಳ."