ಕರಡಿಗೆಯ ಫೋಟೋ

ತೀರ್ಥಮ್ಮನ ಬಳಿ ತೀರಿಹೋದ ಗಂಡನ ಒಂದು ಫೋಟೋವೂ ಇರಲಿಲ್ಲ. ಇದ್ದದ್ದು ಅವನು ಎದೆಯ ಮೇಲೆ ಧರಿಸುತ್ತಿದ್ದ ಬೆಳ್ಳಿಯ ಲಿಂಗದ ಕರಡಿಗೆ. ಅದರ ಮೈಮೇಲೆ ಏನೇನು ಅಂಟಿದೆಯೋ ಅದನ್ನು ತನ್ನ ಲ್ಯಾಬಿನ ಮಿಷನ್ನು ಚಿತ್ರ ಬರೆದು ತೋರಿಸುತ್ತದೆ ಎಂದು ಮಗ ಈರಭದ್ರ ಹೇಳಿದ್ದ. ಆ ಚಿತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಲು ಅವಳು ಆಗಲೇ ಗೋಡೆಗೆ ಮೊಳೆ ಹೊಡೆಸಿದ್ದಳು.

ಅಜ್ಜಂಪುರದ ಸ್ಟೇಷನ್ನಿನಲ್ಲಿ ಲ್ಯಾಬಿಗೆ ಒಯ್ಯಲೆಂದು ಅವಳು ಕೊಟ್ಟ ಗಂಟನ್ನು ಈರಭದ್ರ ಬಿಚ್ಚಿದ. ಕರಡಿಗೆ ಫಳಫಳ ಹೊಳೆಯುತ್ತಿತ್ತು.

"ಏನಮ್ಮಾ ಮಾಡ್ದೆ ಇದನ್ನ?"

"ಅಂಟುವಾಳದ ನೊರೇಲಿ ಉಜ್ಜಿದೆ ಕಣೋ. ಫೋಟೋಕ್ಕೆ ಕೂರೋರು ಮುಖ ತೊಳ್ಕೊಳಲ್ವೇನೋ?"

"ಎಕ್ಸ್‌ರೇ ಬಿಟ್ಟಾಗ ಮೇಲಿನ ಪದರದ ಎಲೆಕ್ಟ್ರಾನ್ ಮಾತ್ರ ಹೊರಗೆ ಬರ್ತಾವಮ್ಮ, ಅವನ್ನ ನೋಡೇ ಮಿಷನ್ನು ಚಿತ್ರ ಬರೆಯೋದು. ಅಪ್ಪನ ಬೆವರು, ವಿಭೂತಿ ಎಲ್ಲಾ ಅಲ್ಲೇ ಇತ್ತು."

ತೀರ್ಥಮ್ಮ ತನ್ನ ಬೆರಳು ಮೂಸಿ ನೋಡಿದಳು. ಅಂಟುವಾಳದ ವಾಸನೆಯಷ್ಟೇ ಇತ್ತು.

"ಎಷ್ಟು ಹೋಯ್ತಪ್ಪ?"

"ಮಿಷನ್ನಿಗೆ ಕಾಣೋದೇ ಒಂದಿಪ್ಪತ್ತು ಪರಮಾಣು ದಪ್ಪ. ಅಷ್ಟೂ ಹೋಯ್ತು."